ಸುವೋರ್ ಎಮಿಲಿಯಾ ಕೇಳಿದ ಎಲೆ

ನಮ್ಮ ಊರು: ಗುಡಿಯ ಗೇಟಿನ ಫ್ಲೆಕ್ಸ್

ಇಟಲಿಗೆ ಹೋಗಿ ಬಂದವಳೆಂದು ತಿಳಿದೊಡನೆ ಜನರು ಕೇಳುವ ಮೊದಲ ಪ್ರಶ್ನೆ, ರೋಮಾಪುರಿಯನ್ನು ಕಂಡಿರಾ ಎಂಬುದು. ಕಾಣಲಿಲ್ಲ. ನಾನು ಕಂಡದ್ದು ಹನ್ನೊಂದು ಮಂದಿ ವೃದ್ಧೆಯರನ್ನು, ಒಂದು ಉದ್ದನೆಯ ಕಾರಿಡಾರನ್ನು ಮತ್ತು ಕಿಟಕಿಯಾಚೆ ಸಾಲಾಗಿ ನಿಂತಿದ್ದ ಬೋಳು ಮರಗಳನ್ನು. ಎಪ್ಪತ್ತು ದಿನಗಳ ಕಾಲ ಆ ಮೂರನ್ನೇ ನೋಡಿದೆ. ನಾನು ಅಲ್ಲಿಗೆ ಹೋದದ್ದು ದೇಶ ನೋಡುವುದಕ್ಕಲ್ಲ. ಕನ್ಯಾಸ್ತ್ರೀಯಾಗಿ ಮಠ ಸೇರಬೇಕೋ, ಮದುವೆಯಾಗಬೇಕೋ ಎಂಬುದನ್ನು ತೀರ್ಮಾನಿಸುವುದಕ್ಕೆ.

ಕನಕಪುರದಿಂದ ಒಳಕ್ಕೆ ಹೋದರೆ ಇಪ್ಪತ್ತು ಕ್ರೈಸ್ತ ಮನೆಗಳಿರುವ ಊರು ನಮ್ಮದು. ಸುತ್ತಲಿನ ಒಕ್ಕಲು ಮನೆತನಗಳವರಂತೆ ನಾವೂ ಹಿಪ್ಪುನೇರಳೆ ಬೆಳೆದು ರೇಷ್ಮೆಹುಳು ಸಾಕುವವರು. ಗೂಡು ರಾಮನಗರದ ಮಾರುಕಟ್ಟೆಗೆ ಹೋಗುತ್ತದೆ. ನಮ್ಮ ಮನೆತನದಲ್ಲಿ ಪದವಿ ಪಡೆದವಳು ನಾನೊಬ್ಬಳೇ. ಆದ್ದರಿಂದ ಊರಿಗೆ ಬರುವ ಕಾಗದಗಳನ್ನು ಓದಿ ಅರ್ಥ ಹೇಳುವವಳೂ ನಾನೇ, ಅರ್ಜಿ ಬರೆಯುವವಳೂ ನಾನೇ. "ಸಗಾಯಿನ ಕೇಳ್ರಪ್ಪ, ಅವ್ಳಿಗೆ ಗೊತ್ತಿರ್ತದೆ" ಎಂಬುದು ಅಪ್ಪನ ಮಾತು. ಗೊತ್ತಿಲ್ಲ ಎಂದು ನಾನು ಯಾರಿಗಾದರೂ ಹೇಳಿದ ನೆನಪಿಲ್ಲ.

ನಾನು ಎಂಟು ತಿಂಗಳ ಕೂಸಾಗಿದ್ದಾಗ ಮೂರು ದಿನ ಜ್ವರದಿಂದ ಕಣ್ಣು ಬಿಡಲಿಲ್ಲವಂತೆ. ಅವ್ವ ನನ್ನನ್ನು ಗುಡಿಗೆ, ಎಂದರೆ ನಮ್ಮ ಚರ್ಚಿಗೆ, ಹೊತ್ತೊಯ್ದು ದೇವಮಾತೆಯ ಪ್ರತಿಮೆಯ ಪಾದದ ಬಳಿ ಮಲಗಿಸಿ, "ಉಳಿಸ್ಕೊಡು ತಾಯಿ, ನಿಂಗೇ ಕೊಟ್ಬುಡ್ತೀನಿ" ಎಂದು ಹರಕೆ ಹೊತ್ತಳು. ನಾನು ಉಳಿದೆ. ಆ ಹರಕೆಯ ಕಥೆಯನ್ನು ಕೇಳುತ್ತಲೇ ಬೆಳೆದೆ. ಶಾಲೆಯಲ್ಲಿ ಪಾಠ ಹೇಳಿದ ಸಿಸ್ಟರ್‌ಗಳ ಬಿಳಿಯ ಉಡುಪು, ತಡವರಿಸದ ಮಾತು, ಕಚೇರಿಗಳಲ್ಲಿ ಅವರಿಗೆ ಸಿಗುತ್ತಿದ್ದ ಕುರ್ಚಿ ಇವೆಲ್ಲ ನನಗೆ ಬೇಕೆನಿಸುತ್ತಿದ್ದವು. ಅದನ್ನೇ ದೈವಕರೆ ಎಂದು ಎಷ್ಟೋ ವರ್ಷ ನಂಬಿದ್ದೆ.

ನಂತರ ಹಾರೋಹಳ್ಳಿಯ ಒಂದು ಕಾರ್ಖಾನೆಯ ಕಚೇರಿಯಲ್ಲಿ ಕೆಲಸ ಸಿಕ್ಕಿತು. ಅಲ್ಲಿ ಯಂತ್ರದ ಮೇಲೆ ದುಡಿಯುತ್ತಿದ್ದ ವಿನ್ಸೆಂಟ್ ನಮ್ಮ ಪಕ್ಕದ ಊರಿನವರು, ನಮ್ಮ ಗುಡಿಗೇ ಬರುವವರು. ಒಂದು ಸಂಜೆ ಕನಕಪುರದ ಬಸ್ಸಿಗೆ ಕಾಯುತ್ತಿದ್ದಾಗ ಅವರು ನೇರವಾಗಿ ಕೇಳಿದರು.

"ನಿಮ್ಮಪ್ಪನ್ನ ಕೇಳ್ಲಾ, ಇಲ್ಲಾ ಮೊದ್ಲು ನಿನ್ನ ಕೇಳ್ಲಾ?"

"ಈ ವಿಷಯವನ್ನು ನಾನು ಪ್ರಾರ್ಥನಾಪೂರ್ವಕವಾಗಿ ಪರಿಶೀಲಿಸಬೇಕಾಗುತ್ತದೆ" ಎಂದೆ.

"ಏನ್ ತಾಯಿ, ಕಚೇರಿಗೆ ಅರ್ಜಿ ಹಾಕ್ದಂಗೈತಲ್ಲ!" ಎಂದು ಅವರು ನಕ್ಕರು. ಆಮೇಲೆ ನಗು ನಿಲ್ಲಿಸಿ, "ಸರಿ. ಈಸ್ಟರ್ ಗಂಟ ಕಾಯ್ತೀನಿ. ಆಮೇಲೆ ನೀನೇ ಬಾಯ್ಬುಟ್ಟು ಹೇಳ್ಬೇಕು" ಎಂದರು.

ಗುಡಿಯ ಫಾದರ್ ಬಳಿ ಹೋಗಿ ಎಲ್ಲವನ್ನೂ ಹೇಳಿಕೊಂಡೆ. ಎರಡು ದಾರಿಗಳನ್ನೂ ದೇವರ ಮುಂದಿಟ್ಟು, ಯಾವುದರಲ್ಲಿ ನೆಮ್ಮದಿ ಸಿಗುತ್ತದೆಂದು ನೋಡು ಎಂದರು. ನೋಡಿದೆ. ಎರಡರಲ್ಲೂ ಭಯವೇ ಸಿಕ್ಕಿತು. ಆಗ ಅವರೇ, ನನಗೆ ಪಾಠ ಹೇಳಿದ ಸಿಸ್ಟರ್‌ಗಳ ಧಾರ್ಮಿಕ ಸಭೆಯವರು ಇಟಲಿಯ ತಮ್ಮ ಮಠದಲ್ಲಿ ಎರಡೂವರೆ ತಿಂಗಳು ಇದ್ದು ನೋಡಲು ಕರೆಯುತ್ತಿರುವುದನ್ನು ತಿಳಿಸಿದರು. ಬರೀ ನೋಡುವುದು. ಒಪ್ಪಿಗೆಯಾದರೆ ಸೇರುವುದು, ಇಲ್ಲವಾದರೆ ಮರಳುವುದು.

ಬರೀ ನೋಡುವುದು ಎಂಬುದನ್ನು ಊರು ಕೇಳಿಸಿಕೊಳ್ಳಲಿಲ್ಲ. ಹೊರಡುವ ಭಾನುವಾರ ಗುಡಿಯ ಗೇಟಿಗೆ ಹತ್ತಡಿ ಉದ್ದದ ಫ್ಲೆಕ್ಸ್ ಬಂತು. ನನ್ನ ಭಾವಚಿತ್ರ, ಅದರ ಹಿಂದೆ ಮೋಡ, ಮೋಡದಲ್ಲಿ ಪಾರಿವಾಳ. ಕೆಳಗೆ, 'ಪ್ರಭುವಿನ ಸೇವೆಗೆ ತನ್ನನ್ನೇ ಅರ್ಪಿಸಿಕೊಂಡ ನಮ್ಮೂರ ಮಗಳಿಗೆ ಶುಭಾಶಯಗಳು'. ಮುದ್ರಣಕ್ಕೆ ಕಳುಹಿಸುವ ಮುನ್ನ ಯುವಕ ಸಂಘದವರು, ಊರಿನ ಪದವೀಧರೆ ಎಂಬ ಕಾರಣಕ್ಕೆ, ಅದನ್ನು ನನಗೇ ತೋರಿಸಿದ್ದರು. ನಾನು ಎರಡು ಅಕ್ಷರ ತಿದ್ದಿಕೊಟ್ಟೆ. ಆ ವಾಕ್ಯವೇ ನಿಜವಲ್ಲವೆಂದು ಹೇಳಲಿಲ್ಲ. ಗೇಟಿಗೆ ಕಟ್ಟಿದ ಮೇಲಂತೂ ಅವ್ವ ಅದರ ಮುಂದೆ ನಿಂತು ಅಳುತ್ತಿದ್ದಳು, ಹೇಗೆ ಹೇಳುವುದು?

ಮೊದಲ ದಿನಗಳು: ಹದಿನೇಳನೆಯ ಕರವಸ್ತ್ರ

ಉತ್ತರ ಇಟಲಿಯ ಒಂದು ಸಣ್ಣ ಊರು ಅದು. ದೂರದಲ್ಲಿ ಹಿಮ ಹೊದ್ದ ಬೆಟ್ಟಗಳು. ರಾಮನಗರದ ಬೆಟ್ಟಗಳು ಬರಿಯ ಕಲ್ಲಾದರೂ ಸಂಜೆಯವರೆಗೆ ಬಿಸಿಲನ್ನು ಹಿಡಿದಿಟ್ಟುಕೊಂಡಿರುತ್ತವೆ, ಕೈಯಿಟ್ಟರೆ ಬೆಚ್ಚಗಿರುತ್ತವೆ. ಇವುಗಳ ಕಡೆ ನೋಡಿದರೇ ಹಲ್ಲು ಜುಮ್ಮೆನ್ನುತ್ತಿತ್ತು.

ಬಾಗಿಲು ತೆರೆದವರು ಸಿಸ್ಟರ್ ಜಸಿಂತ. ಮಾಗಡಿ ಕಡೆಯವರು, ಅಲ್ಲಿಗೆ ಬಂದು ಹದಿನೆಂಟು ವರ್ಷಗಳಾಗಿದ್ದವು. ನಲವತ್ತನಾಲ್ಕರ ಅವರೇ ಆ ಮಠದ ಅತಿ ಕಿರಿಯ ಸಿಸ್ಟರ್. ಉಳಿದವರೆಲ್ಲ ಎಂಬತ್ತು ದಾಟಿದವರು.

"ಬಂದ್ಯಾ ಮಗ? ಒಳಕ್ ಬಾ, ಒಳಕ್ ಬಾ. ರಾಗಿಹಿಟ್ಟು ತಂದಿದ್ದೀಯಾ?"

ತಂದಿರಲಿಲ್ಲ. ವಿದೇಶಕ್ಕೆ ಹಿಟ್ಟು ಒಯ್ಯುವುದು ಸಭ್ಯತೆಯಲ್ಲವೆಂದು ಅವ್ವ ಕಟ್ಟಿಕೊಟ್ಟಿದ್ದನ್ನು ಮನೆಯಲ್ಲೇ ಬಿಟ್ಟಿದ್ದೆ.

"ಓದಿರೋ ಮಕ್ಳ ಹಣೆಬರಾನೇ ಇಷ್ಟು" ಎಂದು ಅವರು ನನ್ನ ಪೆಟ್ಟಿಗೆಯನ್ನು ತಾವೇ ಎತ್ತಿಕೊಂಡರು.

ಮೊದಲ ತಪ್ಪು ಪ್ರಾರ್ಥನಾ ಮಂದಿರದ ಬಾಗಿಲಲ್ಲೇ ಆಯಿತು. ಗುಡಿಗೂ ಹುಳದ ಮನೆಗೂ ಪಾದರಕ್ಷೆ ಹಾಕಿಕೊಂಡು ಹೋಗಿ ಗೊತ್ತಿಲ್ಲದ ನಾನು ಬೂಟುಗಳನ್ನು ಹೊರಗೆ ಬಿಟ್ಟು, ಅಮೃತಶಿಲೆಯ ನೆಲದ ಮೇಲೆ ಬರಿಗಾಲಲ್ಲಿ ನಡೆದೆ. ಗಾಲಿಕುರ್ಚಿಗಳಲ್ಲಿ ಕುಳಿತಿದ್ದ ಸಿಸ್ಟರ್‌ಗಳು ಪ್ರಾರ್ಥನೆ ನಿಲ್ಲಿಸಿ ನನ್ನ ಪಾದಗಳನ್ನೇ ನೋಡಿದರು. ಸಿಸ್ಟರ್ ಜಸಿಂತ ಓಡಿಬಂದು, "ಬೂಟ್ಸ್ ಹಾಕ್ಕೊಳ್ಳೇ. ಇಲ್ಲಿ ದೇವ್ರಿಗೂ ಚಳಿ ಕಣೇ" ಎಂದು ಪಿಸುಗುಟ್ಟಿದರು. ವಾರದೊಳಗೆ ಹಿಮ್ಮಡಿಗಳು ಒಡೆದವು.

ಊಟದ ಮನೆಯಲ್ಲಿ ಒಂದು ಪದ್ಧತಿಯಿತ್ತು. ಪ್ರತಿಯೊಬ್ಬ ಸಿಸ್ಟರ್‌ಗೂ ಒಂದು ಸಂಖ್ಯೆ. ಆಕೆಯ ಉಡುಪು, ಹಾಸಿಗೆ, ಊಟದ ಕರವಸ್ತ್ರ ಎಲ್ಲದರ ಮೇಲೂ ಕೆಂಪು ದಾರದಲ್ಲಿ ಅದೇ ಸಂಖ್ಯೆಯನ್ನು ಹೊಲಿದಿರುತ್ತಾರೆ. ಮೇಜಿನ ಮೇಲೆ ಮೂವತ್ತು ಜಾಗಗಳಿದ್ದವು. ಕುಳಿತವರು ಹನ್ನೊಂದು ಮಂದಿ. ಯಾರಾದರೂ ತೀರಿಕೊಂಡರೆ ಉಳಿದವರು ಹತ್ತಿರ ಸರಿದು ಕೂರುವುದಿಲ್ಲ. ಆ ಜಾಗ ಹಾಗೆಯೇ ಇರುತ್ತದೆ. ಹೀಗಾಗಿ ಒಬ್ಬರು ಇನ್ನೊಬ್ಬರಿಂದ ಒಂದೆರಡು ಮಾರು ದೂರದಲ್ಲಿ ಕುಳಿತು, ಸಾರು ಬೇಕಾದರೆ ಚಮಚದಿಂದ ಲೋಟ ತಟ್ಟುತ್ತಿದ್ದರು. ನಮ್ಮೂರಿನ ಪಂಕ್ತಿಯಲ್ಲಿ ಮೊಣಕೈಗೆ ಮೊಣಕೈ ತಾಗದಿದ್ದರೆ ಊಟವೇ ಅಲ್ಲ.

ನನಗೆ ಕೊಟ್ಟ ಕರವಸ್ತ್ರದ ಮೇಲೆ ಹದಿನೇಳು ಎಂದಿತ್ತು.

"ಹದಿನೇಳು ಯಾರದು ಸಿಸ್ಟರ್?"

"ಡಿಸೆಂಬರಲ್ಲಿ ಹೋದ್ರು. ಒಳ್ಳೆ ಹೆಂಗ್ಸು." ಅವರು ನನ್ನ ತಟ್ಟೆಗೆ ಬಡಿಸುತ್ತಾ ಹೇಳಿದರು, "ಈಗ ನಿಂದು."

ಬೂದಿ ಬುಧವಾರ: ಹಳದಿ ಮುದ್ದೆ

ಈಸ್ಟರ್‌ಗೆ ಮುಂಚಿನ ನಲವತ್ತು ದಿನಗಳ ತಪಸ್ಸುಕಾಲ ಆರಂಭವಾದ ದಿನ ಊಟಕ್ಕೆ ಮೆಕ್ಕೆಜೋಳದ ಹಿಟ್ಟಿನ ಹಳದಿಯ ಮುದ್ದೆ ಬಂತು. ಅದನ್ನು ಅವರು ಪೊಲೆಂತ ಎನ್ನುತ್ತಾರೆ. ಎರಡು ವಾರಗಳ ನಂತರ ಮುದ್ದೆಯ ಆಕಾರ ಕಂಡ ನನಗೆ ಮೈಮೇಲೆ ಎಚ್ಚರವಿರಲಿಲ್ಲ. ಕೈಯಲ್ಲಿ ಮುರಿದು, ಉಂಡೆ ಮಾಡಿ, ಸಾರಿಗೆ ಅದ್ದಿ, ಅಗಿಯದೆ ನುಂಗಿದೆ. ಅದು ರಾಗಿಯಂತೆ ಜಾರಲಿಲ್ಲ, ಗಂಟಲಲ್ಲೇ ನಿಂತಿತು. ಕಣ್ಣಲ್ಲಿ ನೀರು ಬಂದು, ಕೆಮ್ಮಿ, ಹದಿನೇಳನೆಯ ಕರವಸ್ತ್ರವನ್ನು ಬಾಯಿಗೊತ್ತಿಕೊಂಡೆ. ಉಪವಾಸದ ದಿನ, ಮೌನದ ಊಟ. ಆ ಮೌನದಲ್ಲಿ ಒಬ್ಬರು ಜೋರಾಗಿ ನಕ್ಕರು.

ನಕ್ಕವರು ಸುವೋರ್ ಎಮಿಲಿಯಾ. ಸುವೋರ್ ಎಂದರೆ ಅಲ್ಲಿನ ಭಾಷೆಯಲ್ಲಿ ಸಿಸ್ಟರ್. ತೊಂಬತ್ತೊಂದು ವರ್ಷ, ಮಠದ ಅಡುಗೆಮನೆಯಲ್ಲಿ ಜೀವನ ಕಳೆದವರು. ಈಗ ಕಾಲು ನಡೆಯದು, ನೆನಪು ನಿಲ್ಲದು. ಅವರನ್ನು ನೋಡಿಕೊಳ್ಳುವುದು ನನ್ನ ಪಾಲಿಗೆ ಬಂದಿತ್ತು. ಬೆಳಿಗ್ಗೆ ಅವರಿಗೆ ಸ್ನಾನ ಮಾಡಿಸಿ, ಉಡುಪು ತೊಡಿಸಿ, ಕಿಟಕಿಯ ಬಳಿ ಕೂರಿಸುತ್ತಿದ್ದೆ. ಕೂತೊಡನೆ ಅವರು ಅಂಗಳದ ಬೋಳು ಮರಗಳತ್ತ ಬೆರಳು ಮಾಡಿ ಒಂದೇ ಮಾತು ಕೇಳುತ್ತಿದ್ದರು: "ಫೋಲ್ಯೆ?"

"ಎಲೆ ಬಂತಾ ಅಂತ ಕೇಳ್ತರೆ" ಎಂದು ಸಿಸ್ಟರ್ ಜಸಿಂತ ಅರ್ಥ ಹೇಳಿದರು. "ವರ್ಷ ವರ್ಷಾನೂ ಇದೇ ಗೋಳು. ಯಾಕೋ ಏನೋ, ಅರಳು ಮರುಳು. ಇಲ್ಲ ಅಂದ್ಬುಡು, ಸಾಕು."

ಮೊಂಡು ಕೈಗಳಂತೆ ಗಂಟುಗಂಟಾಗಿ ಕತ್ತರಿಸಿ ಬಿಟ್ಟಿದ್ದ ಆ ಮರಗಳು ಯಾವುವೆಂದು ನನಗೂ ತಿಳಿಯಲಿಲ್ಲ. ದಿನವೂ ಇಲ್ಲ ಎನ್ನುತ್ತಿದ್ದೆ. ದಿನವೂ ಅವರು ಮೊದಲ ಬಾರಿ ಕೇಳಿದವರಂತೆ ತಲೆಯಾಡಿಸಿ, ಮಡಿಲಲ್ಲಿ ಕೈಯಿಟ್ಟು ಕೂರುತ್ತಿದ್ದರು.

ತಪಸ್ಸುಕಾಲದ ಮೂರನೆಯ ವಾರ: ಕಳುಹಿಸದ ಸಂದೇಶ

ಆ ವಾರ ಇಪ್ಪತ್ತೆರಡನೆಯ ಸಂಖ್ಯೆಯವರು ತೀರಿಕೊಂಡರು. ಬೆಳಗಿನ ಕಾಫಿಗೆ ಬರಲಿಲ್ಲ, ಅಷ್ಟೇ. ನಮ್ಮೂರಲ್ಲಿ ಸಾವೆಂದರೆ ಗುಡಿಯ ಗಂಟೆ, ಬೀದಿ ತುಂಬ ಅಳು, ಮೂರೂರಿನ ನೆಂಟರು. ಇಲ್ಲಿ ಪೆಟ್ಟಿಗೆ ಹೊರಲು ಜನರಿಲ್ಲದೆ, ಕರಿಯ ಕೋಟು ತೊಟ್ಟ ನಾಲ್ವರು ಅಪರಿಚಿತರು ವ್ಯಾನಿನಲ್ಲಿ ಬಂದು ಹೊತ್ತು ಹೋದರು. ಸ್ಮಶಾನದಲ್ಲಿ ಸಿಸ್ಟರ್ ಜಸಿಂತ ಮತ್ತು ನಾನು, ಇಬ್ಬರೇ ಹಾಡಿದೆವು. ಹಾಡಿನ ಪದಗಳು ನನಗೆ ಬರುತ್ತಿರಲಿಲ್ಲ. ತಪ್ಪಾಗಬಾರದೆಂದು ತುಟಿ ಮಾತ್ರ ಆಡಿಸಿದೆ. ಹಾಗಾಗಿ ನಿಜವಾಗಿ ಹಾಡಿದವರು ಅವರೊಬ್ಬರೇ.

ಮರಳುವಾಗ ಅವರು ಮಣ್ಣಾದ ಕೈಗಳನ್ನು ಉಜ್ಜಿಕೊಳ್ಳುತ್ತಾ, "ಹತ್ತು ಜನ ಉಳುದ್ರು. ಇವರ್ನೆಲ್ಲ ಕಳಿಸ್ದ ಮೇಲೆ ನನ್ನ ಕಳಿಸೋಕೆ ಯಾರವ್ರೆ ಅಂತ ಯೋಚ್ನೆ ಮಾಡ್ತಿದ್ದೆ. ನೀ ಬಂದೆ" ಎಂದರು. ನಾನು ಕರವಸ್ತ್ರ ತೆಗೆದು ಅವರ ಕೈಗೆ ಕೊಟ್ಟೆ.

ಅದೇ ದಿನ ಮಧ್ಯಾಹ್ನ ಅವ್ವ ಫೋನು ಮಾಡಿದಳು.

"ಊಟ ಆಯ್ತಾ? ಕೆಮ್ಮು ಐತಾ?"

"ಇಲ್ಲವ್ವ."

"ವಿನ್ಸೆಂಟನ ಅವ್ವ ಸಿಕ್ಕಿದ್ಲು. ಗೇಟಲ್ಲಿ ಫ್ಲೆಕ್ಸ್ ನೋಡ್ಬುಟ್ಟು, 'ದೇವ್ರಿಗೆ ಕೊಟ್ಟಿರೋ ಹೆಣ್ಣನ್ನ ನನ್ ಮಗ ಆಸೆ ಪಡೋದು ಪಾಪ. ಬೇರೆ ಕಡೆ ನೋಡ್ತೀವಿ ಕಣಕ್ಕ, ಬೇಜಾರು ಮಾಡ್ಕಬೇಡ' ಅಂದ್ಲು. ನಂಗ್ಯಾಕೆ ಬೇಜಾರು? ನಂಗೆ ನೆಮ್ಮದಿ ಆಯ್ತು."

"ಅವ್ವ, ನಾನು ಇನ್ನೂ ಸೇರಿಲ್ಲ."

"ಸೇರ್ತೀಯಲ್ಲ. ನಿನ್ ಹೊತ್ಕಂಡ್ ಹೋಗಿ ಮಲಗ್ಸಿದ್ದು ನಾನು. ನಂಗೊತ್ತು."

ಫೋನು ಇಟ್ಟ ಮೇಲೆ ವಿನ್ಸೆಂಟ್ ಅವರಿಗೆ ಸಂದೇಶ ಬರೆಯಲು ಕುಳಿತೆ. 'ಮಾನ್ಯರೇ' ಎಂದು ಬರೆದು ಅಳಿಸಿದೆ. 'ನಾನು ಇನ್ನೂ ಯಾವ ನಿರ್ಧಾರವನ್ನೂ ಕೈಗೊಂಡಿಲ್ಲವೆಂಬುದನ್ನು ತಮ್ಮ ಗಮನಕ್ಕೆ' ಎಂದು ಬರೆದು ಅಳಿಸಿದೆ. 'ಕಾಯಿರಿ' ಎಂದು ಬರೆದೆ. ಕಾಯಿರಿ ಎನ್ನುವ ಹಕ್ಕು ನನಗಿದೆಯೇ? ಅದು ಸುವೋರ್ ಎಮಿಲಿಯಾರ ಔಷಧದ ಹೊತ್ತು. ನಾಳೆ ಸರಿಯಾಗಿ ಬರೆಯೋಣವೆಂದು ಎದ್ದೆ. ಮರುದಿನವೂ ಸರಿಯಾಗಲಿಲ್ಲ. ಈ ನಡುವೆ, ಮಠಕ್ಕೆ ಸೇರಿಸಿಕೊಳ್ಳಬೇಕೆಂದು ಕೋರುವ ಪತ್ರವನ್ನು ಮಾತ್ರ ಒಂದು ತಪ್ಪೂ ಇಲ್ಲದಂತೆ ಮೂರು ಪುಟ ಬರೆದು ಮುಗಿಸಿದ್ದೆ. ಸಹಿ ಹಾಕುವುದೊಂದು ಬಾಕಿಯಿತ್ತು. ಯಾವುದು ದೈವಕರೆ, ಯಾವುದು ಪರೀಕ್ಷೆಯಲ್ಲಿ ಉತ್ತೀರ್ಣಳಾಗುವ ಚಟ ಎಂದು ಆಗ ಯಾರೂ ಕೇಳಲಿಲ್ಲ, ನಾನೂ ಕೇಳಿಕೊಳ್ಳಲಿಲ್ಲ.

ಗರಿಗಳ ಭಾನುವಾರ: ಅಂಗಳ

ನಮ್ಮಲ್ಲಿ ಅಂದು ತೆಂಗಿನ ಗರಿ, ಈಚಲು ಗರಿ ಹಿಡಿದು ಮೆರವಣಿಗೆ ಹೋಗುತ್ತೇವೆ. ಅಲ್ಲಿ ಆಲಿವ್ ಮರದ ರೆಂಬೆ. ಪೂಜೆ ಮುಗಿದ ಮೇಲೆ ಬಿಸಿಲಿತ್ತು. ಸುವೋರ್ ಎಮಿಲಿಯಾರ ಗಾಲಿಕುರ್ಚಿಯನ್ನು ಮೊದಲ ಬಾರಿ ಅಂಗಳಕ್ಕೆ ತಳ್ಳಿಕೊಂಡು ಹೋದೆ. ಅವರು ತಮ್ಮ ಪ್ರಶ್ನೆ ಕೇಳಿದರು. ಇಲ್ಲ ಎನ್ನಲು ಬಾಯಿ ತೆರೆದವಳು ತಲೆಯೆತ್ತಿ ನೋಡಿದೆ. ಮೊಂಡು ಗಂಟುಗಳ ಮೇಲೆ ಹೆಬ್ಬೆರಳ ಉಗುರಿನಷ್ಟು ಹಸಿರು ಒಡೆದಿತ್ತು.

ಒಂದನ್ನು ಚಿವುಟಿದೆ. ತೊಟ್ಟಿನಲ್ಲಿ ಹಾಲು ಬಂತು. ಬೆರಳಿಗೆ ಅಂಟಿತು. ಆ ಅಂಟನ್ನು ನನ್ನ ಬೆರಳುಗಳು ನನಗಿಂತ ಮೊದಲು ಗುರುತಿಸಿದವು.

"ಸಿಸ್ಟರ್! ಸಿಸ್ಟರ್, ಬನ್ನಿ! ಇದು ನಮ್ ಸೊಪ್ಪು!"

ಹಿಪ್ಪುನೇರಳೆ. ನಮ್ಮಲ್ಲಿ ಅದನ್ನು ಬೆಳೆಬೆಳೆಗೂ ಬುಡದವರೆಗೆ ಕತ್ತರಿಸಿ ಸೊಂಟದೆತ್ತರದ ಗಿಡವಾಗಿಯೇ ಇಡುತ್ತಾರೆ. ಬಿಟ್ಟರೆ ಅದು ಮರವಾಗುತ್ತದೆಂದು ನಾನು ಯೋಚಿಸಿರಲೇ ಇಲ್ಲ. ಹುಟ್ಟಿದಂದಿನಿಂದ ಕೊಯ್ದ ಸೊಪ್ಪನ್ನು ಎರಡು ತಿಂಗಳು ಕಿಟಕಿಯಲ್ಲಿ ನೋಡಿಯೂ ಗುರುತಿಸಿರಲಿಲ್ಲ.

ಎಲೆಯನ್ನು ಸುವೋರ್ ಎಮಿಲಿಯಾರ ಅಂಗೈಯಲ್ಲಿಟ್ಟೆ. ಅವರು ಅದನ್ನು ತಿರುಗಿಸಿ ಬೆನ್ನು ನೋಡಿದರು, ತುದಿಯನ್ನು ಹಲ್ಲಿಲ್ಲದ ವಸಡಿನಿಂದ ಕಚ್ಚಿದರು. ನನ್ನ ಅಪ್ಪ ಹುಳು ಸಾಕುವವರೆಂದು ಸಿಸ್ಟರ್ ಜಸಿಂತ ಅವರ ಕಿವಿಯಲ್ಲಿ ಹೇಳಿದರು. ಮುದುಕಿಯ ಮುಖಕ್ಕೆ ಎಲ್ಲಿಂದಲೋ ಯಾರೋ ಮರಳಿ ಬಂದಂತಾಯಿತು. ಅವರು ಮಾತನಾಡತೊಡಗಿದರು, ಸಿಸ್ಟರ್ ಜಸಿಂತ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕುಳಿತು ಕನ್ನಡದಲ್ಲಿ ಹೇಳುತ್ತಾ ಹೋದರು.

"ಇವರ ಮನೇಲೂ ಹುಳ ಸಾಕ್ತಿದ್ರಂತೆ. ಮೊಟ್ಟೆ ಬೆಚ್ಚಗಿರ್ಲಿ ಅಂತ ಇವರವ್ವ ಬಟ್ಟೆ ಚೀಲದಲ್ಲಿ ಹಾಕ್ಕಂಡು ಎದೆ ಒಳಗೆ ಇಟ್ಕತಿದ್ರಂತೆ. ಗುಡೀಗೂ ಹಂಗೇ ಬತ್ತಿದ್ರಂತೆ. ಮೊಣಕಾಲೂರುವಾಗ ಒಸಿ ಬಗ್ಗುದ್ರೆ ಎಲ್ಲಿ ಜಜ್ಜೋಯ್ತದೋ ಅಂತ ನೆಟ್ಟಗೆ ಕೂರ್ತಿದ್ರಂತೆ."

ಮೊಟ್ಟೆಯನ್ನು ನಾವು ಎದೆಯಲ್ಲಿಡುವುದಿಲ್ಲ. ಆದರೆ ಹುಳದ ಮನೆಯಲ್ಲಿ ಮೊಟ್ಟೆಯಿದ್ದಾಗ ಅವ್ವ ಜೋರಾಗಿ ಮಾತನಾಡುವುದಿಲ್ಲ. ಅದನ್ನು ಹೇಳಿದೆ. ಸುವೋರ್ ಎಮಿಲಿಯಾ ತಲೆಯಾಡಿಸಿದರು.

"ನಾಕು ಜನ ಹೆಣ್ಮಕ್ಳಂತೆ. ಇವರು ಮೂರನೆಯೋರು. ಹುಳ ಗೂಡು ಕಟ್ಟೋ ಕಾಲ್ದಲ್ಲೇ ಅಪ್ಪ ಕರ್ಕಂಡ್ ಬಂದು ಈ ಬಾಗ್ಲಲ್ಲಿ ಬುಟ್ಟೋದ್ರಂತೆ. ಹದಿನೇಳು ವರ್ಷ. ಮದ್ವೆ ಬೇಕಾ, ಮಠ ಬೇಕಾ ಅಂತ ಯಾರೂ ಕೇಳ್ಲಿಲ್ವಂತೆ."

ಆಮೇಲೆ ಸುವೋರ್ ಎಮಿಲಿಯಾ ನನ್ನ ಮಣಿಕಟ್ಟನ್ನು ಹಿಡಿದು ಮೇಲೆತ್ತಿದರು. ನನ್ನ ಬೆರಳುಗಳನ್ನು ಬಿಸಿಲಿಗೆ ಅಡ್ಡವಾಗಿ ಹಿಡಿದು, ಒಂದು ಕಣ್ಣು ಮುಚ್ಚಿ ನೋಡಿದರು. ಅಪ್ಪ ಹುಳವನ್ನು ನೋಡುವುದು ಹೀಗೆಯೇ. ನಾಲ್ಕು ಜ್ವರ ಮುಗಿಸಿ, ಎಂದರೆ ನಾಲ್ಕು ಬಾರಿ ಪೊರೆ ಕಳಚಿ, ಸೊಪ್ಪು ತಿಂದು ತೃಪ್ತಿಯಾದ ಹುಳು ಹಣ್ಣಾಗುತ್ತದೆ. ಬೆಳಕಿಗೆ ಹಿಡಿದರೆ ಮೈಯೊಳಗೆ ಹಸಿರು ಕಾಣದೆ ತಿಳಿಯಾಗಿರುತ್ತದೆ. ಅಂಥದನ್ನು ಮಾತ್ರ ಆರಿಸಿ ಗೂಡು ಕಟ್ಟುವ ಚಂದ್ರಿಕೆಗೆ ಬಿಡಬೇಕು. ಎಳೆಯದನ್ನು ಬಿಟ್ಟರೆ ಅದು ಕಟ್ಟುವುದೂ ಇಲ್ಲ, ತಿನ್ನುವುದೂ ಇಲ್ಲ.

ಸುವೋರ್ ಎಮಿಲಿಯಾ ಒಂದು ಮಾತು ಹೇಳಿದರು. ಸಿಸ್ಟರ್ ಜಸಿಂತ ಅದನ್ನು ಕನ್ನಡಕ್ಕೆ ತಿರುಗಿಸಲಿಲ್ಲ.

"ಏನಂದ್ರು ಸಿಸ್ಟರ್?"

"ಏನಿಲ್ಲ ಮಗ. ವಯಸ್ಸಾದೋರು."

ಮುದುಕಿ ಅದೇ ಮಾತನ್ನು ಮತ್ತೆ, ಈ ಬಾರಿ ಸಿಸ್ಟರ್ ಜಸಿಂತರ ಮುಖವನ್ನೇ ನೋಡುತ್ತಾ ಹೇಳಿದರು. ಸಿಸ್ಟರ್ ಜಸಿಂತ ಸ್ವೆಟರಿನ ಗುಂಡಿ ಬಿಚ್ಚಿದರು, ಹಾಕಿದರು.

"'ಇವಳು ಹಣ್ಣಾಗವ್ಳಾ? ಬೆಳಕಿಗೆ ಹಿಡಿದು ಯಾರಾದ್ರೂ ನೋಡುದ್ರಾ?' ಅಂತವ್ರೆ." ಗುಂಡಿಯನ್ನು ಮತ್ತೆ ಬಿಚ್ಚಿದರು. "'ನನ್ನ ಯಾರೂ ನೋಡ್ಲಿಲ್ಲ. ಎಳೇದನ್ನೇ ಕಡ್ಡಿಗೆ ಹತ್ತಿಸ್ಬುಟ್ರು. ಆದ್ರೂ ಕಟ್ದೆ. ತೆಳ್ಳಗೆ ಕಟ್ದೆ. ಆದ್ರೂ ಕಟ್ದೆ' ಅಂತವ್ರೆ."

"ಅವರಿಗೆ ಪಶ್ಚಾತ್ತಾಪ ಇದೆಯಾ ಎಂದು ಕೇಳಿ."

"ಅದ ನಾ ಕೇಳಕಿಲ್ಲ. ತೊಂಬತ್ತೊಂದ್ ವರ್ಷದೋರ್ನ ಕೇಳೋ ಮಾತಲ್ಲ ಅದು."

ಸುವೋರ್ ಎಮಿಲಿಯಾ ಎಲೆಯನ್ನು ಉಡುಪಿನ ಕತ್ತಿನೊಳಗೆ, ಎದೆಯ ಬಳಿ ಇಳಿಬಿಟ್ಟುಕೊಂಡು ಕಣ್ಣು ಮುಚ್ಚಿದರು. ಕುರ್ಚಿಯನ್ನು ಒಳಕ್ಕೆ ತಳ್ಳುವಾಗ ನಾನು ಸಿಸ್ಟರ್ ಜಸಿಂತರನ್ನು ಕೇಳಿದೆ, "ನೀವು?"

"ನಾನು ಹಣ್ಣಾಗೇ ಬಂದೋಳು. ನಮ್ಮಪ್ಪ ಅಡ್ಡ ಮಲಗಿದ್ರೂ ದಾಟಿ ಬಂದೆ. ಅದ್ಕೇ ಇಷ್ಟು ಹೆಣ ಕಳಿಸಿದ್ರೂ ನಿದ್ದೆ ಬತ್ತದೆ." ಸ್ವಲ್ಪ ದೂರ ನಡೆದು ನಿಂತರು. "ನೀ ಇರ್ಲಿ ಅಂತ ನಂಗೆ ಆಸೆ ಇಲ್ದೇ ಇಲ್ಲ. ಮುದುಕಮ್ಮ ಅಂದ ಮಾತ್ನ ನಿಂಗೆ ಹೇಳ್ದೇ ಇರೋದು ಒಂದೇ ನಿಮಿಷದ ಕೆಲ್ಸ ಆಗಿತ್ತು. ಅಷ್ಟು ಮಾಡ್ಕಂಡು ನಿನ್ನ ಇಟ್ಕಂಡ್ರೆ, ನಿನ್ ಕೈಲಿ ಮಣ್ಣು ಹಾಕಿಸ್ಕಳಕೆ ನಂಗೆ ಮುಖ ಇರ್ತಿತ್ತಾ?"

ಪಾಸ್ಖದ ಮರುದಿನ: ಮೂರು ಪುಟಗಳು

ಶುಭ ಶುಕ್ರವಾರಕ್ಕೆ ಎರಡು ದಿನ ಮುನ್ನ, ಬೆಳಿಗ್ಗೆ, ನಾನು ಕಾಲುಚೀಲ ತೊಡಿಸುತ್ತಿರುವಾಗಲೇ ಸುವೋರ್ ಎಮಿಲಿಯಾ ಹೋದರು. ಒಂದು ಕಾಲಿಗೆ ತೊಡಿಸಿದ್ದೆ. ಇನ್ನೊಂದನ್ನೂ ತೊಡಿಸಿದ ಮೇಲೆಯೇ ಸಿಸ್ಟರ್ ಜಸಿಂತರನ್ನು ಕರೆದೆ. ದಿನವೂ ಸ್ನಾನವಾದೊಡನೆ ಅವರು ಮತ್ತೆ ಎದೆಯೊಳಗಿಟ್ಟುಕೊಳ್ಳುತ್ತಿದ್ದ ಎಲೆ, ಉಡುಪು ಬದಲಿಸುವಾಗ, ಒಣಗಿ ಪುಡಿಯಾಗಿ ಎದೆಯ ಮೇಲೆ ಅಂಟಿತ್ತು. ಅದನ್ನು ಒರೆಸಲು ಸಿಸ್ಟರ್ ಜಸಿಂತ ಬಿಡಲಿಲ್ಲ. ವ್ಯಾನು ಬಂತು. ಈ ಬಾರಿ ಹಾಡಿನ ಪದಗಳನ್ನು ಹೇಗೆ ಬಂದರೆ ಹಾಗೆ, ತಪ್ಪುತಪ್ಪಾಗಿ, ಗಟ್ಟಿಯಾಗಿ ಹಾಡಿದೆ.

ಪಾಸ್ಖ, ಎಂದರೆ ಈಸ್ಟರ್, ಹಬ್ಬದ ಮರುದಿನ ಸಭೆಯ ಮುಖ್ಯಸ್ಥೆಯಾದ ಮದರ್ ಪಟ್ಟಣದಿಂದ ಬಂದರು. ಮೃದು ಮಾತಿನ, ದಣಿದ ಹೆಂಗಸು. ನನ್ನ ಮೂರು ಪುಟಗಳ ಪತ್ರ ಮೇಜಿನ ಮೇಲಿತ್ತು. ಸಿಸ್ಟರ್ ಜಸಿಂತ ದುಭಾಷಿ.

"ಸೇರೋಕೆ ನಿಂಗೆ ಮನಸ್ಸೈತಾ ಅಂತ ಕೇಳ್ತವ್ರೆ."

ಉತ್ತರವನ್ನು ಅಭ್ಯಾಸ ಮಾಡಿದ್ದೆ. ಒಂದಲ್ಲ, ಎರಡು. ಸೇರುತ್ತೇನೆ ಎಂಬುದಕ್ಕೆ ಒಂದು, ಕ್ಷಮಿಸಿ ಎಂಬುದಕ್ಕೆ ಒಂದು. ಎರಡೂ ವ್ಯಾಕರಣಬದ್ಧವಾಗಿದ್ದವು. ಬಾಯಿಂದ ಬಂದದ್ದು ಬೇರೆ.

"ನನಗೆ ಗೊತ್ತಿಲ್ಲ."

ಸಿಸ್ಟರ್ ಜಸಿಂತ ಅದನ್ನು ಹಾಗೆಯೇ ದಾಟಿಸಿದರು. ಮದರ್ ಕಿಟಕಿಯಾಚೆಯ ಮರಗಳತ್ತ ತಿರುಗಿದರು. ತನಗೇ ಗೊತ್ತಿಲ್ಲವೆನ್ನುವವಳನ್ನು ಸೇರಿಸಿಕೊಂಡರೆ ಈ ಮನೆಗೂ ಆ ಹುಡುಗಿಗೂ ಒಳ್ಳೆಯದಾಗದು, ಒಮ್ಮೆ ಹಾಗೆ ಮಾಡಿದ್ದೇವೆ, ಇನ್ನು ಮಾಡುವುದಿಲ್ಲ ಎಂದರು. ನನ್ನ ಹಣೆಯ ಮೇಲೆ ಶಿಲುಬೆಯ ಗುರುತು ಹಾಕಿದರು. ಪತ್ರವನ್ನು ಮಡಿಸಿ ನನ್ನ ಕೈಗೇ ಕೊಟ್ಟರು.

ಹೊರಡುವ ದಿನ ಸಿಸ್ಟರ್ ಜಸಿಂತ ಬಾಗಿಲವರೆಗೆ ಬಂದರು. "ಇನ್ಯಾರಾದ್ರೂ ಬತ್ತೀನಿ ಅಂದ್ರೆ ರಾಗಿಹಿಟ್ಟು ಕಳ್ಸು" ಎಂದು ನಗಲು ಪ್ರಯತ್ನಿಸಿದರು. ಬಾಗಿಲು ಮುಚ್ಚುವಾಗ ಒಳಗೆ ಯಾರೋ ಚಮಚದಿಂದ ಲೋಟ ತಟ್ಟುವ ಸದ್ದು ಕೇಳುತ್ತಿತ್ತು. ಅವರು ತಿರುಗಿ ಓಡಿದರು.

ಮರಳಿ: ನಮ್ಮ ಊರು

ಊರಿಗೆ ಬಂದ ಮೊದಲ ಭಾನುವಾರ ಪೂಜೆಯ ಕೊನೆಯಲ್ಲಿ ಫಾದರ್ ಮದುವೆಯ ಪ್ರಕಟಣೆ ಓದಿದರು. ನಮ್ಮಲ್ಲಿ ಮದುವೆಗೆ ಮುನ್ನ ಮೂರು ಭಾನುವಾರ ಹೀಗೆ ಓದುತ್ತಾರೆ, ಅಡ್ಡಿಯಿರುವವರು ತಿಳಿಸಬೇಕು. ವಿನ್ಸೆಂಟ್ ಎಂಬ ಹೆಸರು ಓದಿದರು. ಜೊತೆಗೆ ಚನ್ನಪಟ್ಟಣದ ಕಡೆಯ ಒಂದು ಹುಡುಗಿಯ ಹೆಸರು. ಇದು ಎರಡನೆಯ ಪ್ರಕಟಣೆ ಎಂದರು. ನಾನು ಹೆಂಗಸರ ಸಾಲಿನಲ್ಲಿ, ಬರಿಗಾಲಲ್ಲಿ, ನೇರವಾಗಿ ಕುಳಿತು ಕೇಳಿದೆ. ಯಾರೋ ತಿರುಗಿ ನನ್ನನ್ನು ನೋಡಿದರು.

ಹೊರಗೆ ಬೇವಿನ ಮರದ ಕೆಳಗೆ ವಿನ್ಸೆಂಟ್ ನಿಂತಿದ್ದರು.

"ಯಾವಾಗ ಬಂದೆ?"

"ಮಂಗಳವಾರ."

"ಫ್ಲೆಕ್ಸ್ ನೋಡಿದ್ ಮೇಲೂ ಕಾದೆ ಕಣ್ ಸಗಾಯಿ. ಅವ್ವ ದಿನಾ ಅಳೋಳು, ಆದ್ರೂ ಕಾದೆ. ನಿಂದು ಒಂದ್ ಮೆಸೇಜ್ ಬತ್ತದೆ ಅಂತ."

"ಬರೆದಿದ್ದೆ. ಸರಿಯಾಗಿ ಬರಲಿಲ್ಲ."

"ತಪ್ಪ್ ತಪ್ಪಾಗೇ ಕಳಿಸಿದ್ರೆ ನಾನೇನ್ ಮಾರ್ಕ್ಸ್ ಹಾಕ್ತಿದ್ನಾ?" ಎಂದರು. ಅವರನ್ನು ಯಾರೋ ಕರೆದರು. ಹೋದರು.

ಆದರೂ ಸತ್ಯ ಹೇಳಬೇಕು: ಆ ಸಂದೇಶ ತಲುಪಿದ್ದರೂ ಅದರಲ್ಲಿ ಇರುತ್ತಿದ್ದುದು ಕಾಯಿರಿ ಎಂಬ ಮಾತು ಮಾತ್ರ, ಬರುತ್ತೇನೆ ಎಂಬ ಮಾತಲ್ಲ. ಅಷ್ಟನ್ನಾದರೂ ಅವರಿಗೆ ಕೊಡಬೇಕಿತ್ತು.

ಅವ್ವ ಮನೆಯಲ್ಲಿ ಹೆಚ್ಚು ಮಾತನಾಡುತ್ತಿಲ್ಲ. ಬಂದ ದಿನ ಒಂದೇ ಮಾತು ಹೇಳಿದಳು: "ಕೊಟ್ಟಿದ್ದ ವಾಪಸ್ ಈಸ್ಕಂಡಂಗಾಯ್ತು ಕಣವ್ವ. ಈಗ ಅವಳು ಏನ್ ಕೇಳ್ತಾಳೋ." ಅವಳು ಎಂದರೆ ಮಾತೆ. ನಾನು ಕೆಮ್ಮಿದರೆ ಸಾಕು, ಅವ್ವ ಒಲೆ ಬಿಟ್ಟು ಎದ್ದು ಬಂದು ಹಣೆ ಮುಟ್ಟಿ ನೋಡುತ್ತಾಳೆ. ಕೋಪವಾದರೆ ಸಹಿಸಬಹುದಿತ್ತು. ಅವಳು ಹಣೆಯಿಂದ ಕೈ ತೆಗೆಯದೆ ಮಾತೆಗೆ ಜಪ ಹೇಳುತ್ತಾಳೆ.

ಫ್ಲೆಕ್ಸ್ ಗೇಟಿನ ಮೇಲಿರಲಿಲ್ಲ. ಹುಳದ ಮನೆಯ ಪಡುವಣ ಗೋಡೆಯ ಬಿರುಕಿಗೆ ಗಾಳಿ ನುಗ್ಗದಂತೆ ಅಪ್ಪ ಅದನ್ನು ಒಳಗಿನಿಂದ ಕಟ್ಟಿದ್ದರು. ಕಾಲು ತೊಳೆದು ಒಳಗೆ ಹೋದರೆ, ಮೋಡ ಮತ್ತು ಪಾರಿವಾಳದ ನಡುವಿನಿಂದ ನನ್ನದೇ ಮುಖ ತಟ್ಟೆಗಳ ಕಡೆ ನಗುತ್ತಿತ್ತು. "ಗಟ್ಟಿ ಐತೆ ಕಣವ್ವ, ಬಿಸಾಕಕ್ಕೆ ಮನ್ಸು ಬರ್ಲಿಲ್ಲ" ಎಂದರು ಅಪ್ಪ.

ಹುಳು ಹಣ್ಣಾಗುತ್ತಿದ್ದ ದಿನಗಳು ಅವು. ಬಹುಪಾಲು ಆಗಲೇ ಚಂದ್ರಿಕೆ ಹತ್ತಿದ್ದವು. ಮೊದಲವು ಹತ್ತಿದ ಮೂರನೆಯ ದಿನ, ತಟ್ಟೆಯಲ್ಲಿ ಹಿಂದೆ ಉಳಿದವನ್ನು ಅಪ್ಪ ಒಂದೊಂದಾಗಿ ಎತ್ತಿ ಬಾಗಿಲ ಬೆಳಕಿಗೆ ಹಿಡಿಯುತ್ತಿದ್ದರು. ನಾನೂ ಕುಳಿತೆ. ಒಂದನ್ನು ಎತ್ತಿ ಹಿಡಿದೆ.

"ಇದು?"

ಅಪ್ಪ ಒಂದು ಕಣ್ಣು ಮುಚ್ಚಿ ನೋಡಿದರು. "ಇಲ್ಲ ಬುಡು. ಇನ್ನೂ ಹಸ್ರೈತೆ ಒಳಗೆ."

"ಎಲ್ಲವೂ ಹತ್ತಿದವಲ್ಲ. ಇದಕ್ಕೇನಾಗಿದೆ?"

"ಕೆಲವು ಹಿಂಗೇ. ಯಾಕೆ ಅಂತ ಯಾರಿಗೊತ್ತು." ಅವರು ಇನ್ನೊಂದು ಹುಳಕ್ಕೆ ಕೈ ಹಾಕಿದರು. "ಇವತ್ತೊಂದ್ ದಿನ ಸೊಪ್ಪು ಹಾಕ್ ನೋಡಾನ. ನಾಳೆಗೂ ಹಿಂಗೇ ಇದ್ರೆ ಕೋಳಿಗೆ."

ಅದನ್ನು ಸೊಪ್ಪಿನ ಮೇಲೆ ಬಿಟ್ಟೆ. ಸ್ವಲ್ಪ ಹೊತ್ತು ಅಲುಗಾಡದೆ ಇದ್ದು, ಆಮೇಲೆ ಅಂಚಿನಿಂದ ತಿನ್ನತೊಡಗಿತು. ಹೊಸ್ತಿಲಾಚೆ ಮೂರು ಕೋಳಿಗಳು ಕತ್ತು ಚಾಚಿ ಒಳಗೆ ನೋಡುತ್ತಿದ್ದವು. ನಾನು ಎದ್ದು ಹೋಗಿ ಬಾಗಿಲು ಎಳೆದುಕೊಂಡೆ.